ಒಂದು ಟೆಂಡರಿಗೆ ಎಷ್ಟು ಮಂಕರಿ?

ಅಪ್ಪ ಇಂಗ್ಲೆಂಡಿಗೆ ಬಂದು ಮೂರು ವಾರ ಕಳೆದಿತ್ತು. ಲಂಡನ್ನಿನ ಸೇತುವೆ, ಅರಮನೆ, ಗಡಿಯಾರದ ಗೋಪುರ ಎಲ್ಲ ತೋರಿಸಿಯಾಗಿತ್ತು. ಎಲ್ಲದಕ್ಕೂ "ಚೆನ್ನಾಗೈತೆ" ಅನ್ನುವುದು, ಆಮೇಲೆ ಕೂರಲು ಬೆಂಚು ಹುಡುಕುವುದು. ಅವರ ಮುಖ ಅರಳುತ್ತಿದ್ದದ್ದು ಒಂದೇ ಜಾಗದಲ್ಲಿ, ನಾವಿರುವ ರೆಡಿಂಗ್ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ. ಸಂಜೆ ವಾಕಿಂಗ್ ಅಂತ ಹೊರಟರೆ ಕಾಲು ತಾವಾಗೇ ಅಲ್ಲಿಗೆ ತಿರುಗುತ್ತಿದ್ದವು.

ಅಪ್ಪ ಅರಸೀಕೆರೆಯ ಲೋಕೋ ಶೆಡ್ಡಿಗೆ ಖಲಾಸಿಯಾಗಿ ಸೇರಿದವರು. ಆಮೇಲೆ ಫೈರ್‌ಮನ್ ಆದರು, ಡ್ರೈವರ್ ಆಗಿ ರಿಟೈರ್ ಆದರು. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು:

"ಇಲ್ಲಿ ಟೆಂಡರಿಗೆ ಕಲ್ಲಿದ್ದಲು ಹೆಂಗೆ ತುಂಬ್ತಿದ್ರಮ್ಮ? ಉಗಿಬಂಡಿ ಕಂಡುಹಿಡಿದೋರು ಇವ್ರೇ ತಾನೇ. ಇವ್ರೂ ಮಂಕರೀಲೇ ಹೊತ್ತು ಹಾಕ್ತಿದ್ರಾ?"

ನನಗೆ ಗೊತ್ತಿರಲಿಲ್ಲ. ಸಿನಿಮಾದಲ್ಲಿ ಫೈರ್‌ಮನ್ ಸಲಿಕೆಯಲ್ಲಿ ಒಲೆಗೆ ಕಲ್ಲಿದ್ದಲು ಎಸೆಯುವುದನ್ನು ನೋಡಿದ್ದೇನೆ. ಆದರೆ ಇಂಜಿನ್ನಿನ ಬೆನ್ನಿಗೆ ಅಂಟಿಕೊಂಡಿರುವ ಟೆಂಡರ್ ಅನ್ನೋ ಆ ಬಂಡಿಗೆ ಅಷ್ಟೊಂದು ಕಲ್ಲಿದ್ದಲು ಎಲ್ಲಿಂದ, ಹೇಗೆ ಬಂತು ಅಂತ ಯೋಚನೆಯೇ ಮಾಡಿರಲಿಲ್ಲ. ನಾಲ್ಕು ದಿನ ರಜೆ ಹಾಕಿದೆ. ಮನೆಯವರು, "ಅಪ್ಪ ಮಗಳು ಕಲ್ಲಿದ್ದಲು ನೋಡೋಕೆ ಹೊರಟಿದ್ದೀರಾ!" ಅಂತ ನಕ್ಕರು. ಅಪ್ಪ ಮಂಕಿ ಕ್ಯಾಪು, ಚಟ್ನಿಪುಡಿ, ಎರಡು ಪೊಟ್ಟಣ ಹುರಿದ ಕಡಲೆಬೀಜ ಬ್ಯಾಗಿಗೆ ಹಾಕಿಕೊಂಡರು. ಅದು ಜುಲೈ ತಿಂಗಳು. ಆದರೂ ಮಂಕಿ ಕ್ಯಾಪು.

ಮೊದಲ ದಿನ: ಡಿಡ್‌ಕಾಟ್

ರೆಡಿಂಗ್‌ನಿಂದ ಡಿಡ್‌ಕಾಟ್‌ಗೆ ರೈಲಿನಲ್ಲಿ ಕಾಲು ಗಂಟೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಊರು ಹತ್ತಿರ ಬಂತು ಅಂತ ತಿಳಿಯುತ್ತಿದ್ದದ್ದು ದೂರದಿಂದ ಕಾಣುವ ದಪ್ಪ ದಪ್ಪ ಕೂಲಿಂಗ್ ಟವರ್‌ಗಳಿಂದ. ಅವು ಕಲ್ಲಿದ್ದಲಿನ ವಿದ್ಯುತ್ ಸ್ಥಾವರದವು. 2013ರಲ್ಲಿ ಅದು ನಿಂತಿತು. ಉಳಿದಿದ್ದ ಕೊನೆಯ ಮೂರು ಟವರ್‌ಗಳನ್ನು 2019ರಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಈಗ ಆ ಕಡೆ ಆಕಾಶ ಖಾಲಿ. ಆದರೆ ಸ್ಟೇಷನ್ನಿನ ಮಗ್ಗುಲಲ್ಲೇ ಅದಕ್ಕಿಂತ ಹಳೆಯ ಕಲ್ಲಿದ್ದಲಿನ ಕಟ್ಟಡ ಗಟ್ಟಿಯಾಗಿ ನಿಂತಿದೆ.

ಡಿಡ್‌ಕಾಟ್ ರೈಲ್ವೆ ಸೆಂಟರಿಗೆ ರಸ್ತೆಯಿಂದ ದಾರಿ ಇಲ್ಲ. ಸ್ಟೇಷನ್ನಿನ ಸುರಂಗದಾರಿಯಲ್ಲೇ ನಡೆದು ಹೋಗಬೇಕು. ಒಂದು ಕಾಲದಲ್ಲಿ ಇದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಲೋಕೋ ಶೆಡ್. ಈಗಿರುವ ಕಟ್ಟಡ 1932ರದು. 1965ರಲ್ಲಿ ಮುಚ್ಚಿತು. ಎರಡೇ ವರ್ಷಕ್ಕೆ ಹಳೆ ಇಂಜಿನ್‌ಗಳ ಹುಚ್ಚಿನ ಒಂದಷ್ಟು ಜನ ಬಂದು ಸೇರಿಕೊಂಡರು. ನಾವು ಹೋದ ದಿನ ಒಂದು ಇಂಜಿನ್ ಉಗಿ ಎಬ್ಬಿಸಿ ನಿಂತಿತ್ತು.

ಮೆಟ್ಟಿಲು ಹತ್ತಿ ಮೇಲೆ ಬಂದವರೇ ಅಪ್ಪ ನಿಂತುಬಿಟ್ಟರು. ಮೂಗು ಎತ್ತಿ ಉಸಿರು ಎಳೆದುಕೊಂಡರು. ಬಿಸಿ ಎಣ್ಣೆ, ಒದ್ದೆ ಬೂದಿ, ಕಲ್ಲಿದ್ದಲ ಹೊಗೆ.

"ಹೊಗೆ ತೆಳ್ಳಗೈತೆ. ಒಳ್ಳೆ ಕಲ್ಲಿದ್ದಲು" ಅಂದರು. ಇಂಗ್ಲೆಂಡಿಗೆ ಬಂದ ಮೇಲೆ ಏನನ್ನಾದರೂ ನೋಡಿ ಅವರು "ಚೆನ್ನಾಗೈತೆ" ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

ನಾವು ಹುಡುಕಿಕೊಂಡು ಬಂದದ್ದು ಇಲ್ಲಿನ ಕೋಲ್ ಸ್ಟೇಜ್, ಅಂದರೆ ಇಂಜಿನ್‌ಗಳಿಗೆ ಕಲ್ಲಿದ್ದಲು ತುಂಬುವ ಕಟ್ಟಡ. ಹೊರಗಿನಿಂದ ನೋಡಿದರೆ ಎರಡು ಅಂತಸ್ತಿನ ಗೋಡೌನ್ ಥರ ಇದೆ. ತಲೆಯ ಮೇಲೆ ದೊಡ್ಡ ನೀರಿನ ಟ್ಯಾಂಕು. ಒಂದು ಪಕ್ಕಕ್ಕೆ ಉದ್ದದ ಏರಿ, ಆ ಏರಿಯ ಮೇಲೆ ಹಳಿ. ಕಲ್ಲಿದ್ದಲು ತುಂಬಿದ ವ್ಯಾಗನ್‌ಗಳನ್ನು ಒಂದು ಇಂಜಿನ್ ಆ ಏರಿಯ ಮೇಲೆ ಹಿಂದಿನಿಂದ ತಳ್ಳುತ್ತದೆ. ವ್ಯಾಗನ್ ಸೀದಾ ಮೇಲಿನ ಅಂತಸ್ತಿನ ಒಳಗೆ ಬಂದು ನಿಲ್ಲುತ್ತದೆ. ಅದರ ಪಕ್ಕದ ಬಾಗಿಲು ತೆಗೆದರೆ ವ್ಯಾಗನ್ನಿನ ನೆಲವೂ ಕಟ್ಟಡದ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟ. ಆಳುಗಳು ಅಲ್ಲಿಂದ ಸಲಿಕೆಯಲ್ಲಿ ಕಬ್ಬಿಣದ ಚಿಕ್ಕ ತೊಟ್ಟಿಬಂಡಿಗಳಿಗೆ ಕಲ್ಲಿದ್ದಲು ತುಂಬುತ್ತಾರೆ. ಒಂದು ತೊಟ್ಟಿಗೆ ಅರ್ಧ ಟನ್ನು. ಕೆಳಗೆ, ಹೊರಗಡೆ, ಇಂಜಿನ್ ಬಂದು ನಿಂತಿರುತ್ತದೆ. ತೊಟ್ಟಿಯನ್ನು ಅಂಚಿಗೆ ತಳ್ಳಿ ಕವುಚಿದರೆ ಕಲ್ಲಿದ್ದಲು ಜಾರುಹಲಗೆಯ ಮೇಲೆ ಹರಿದು ಟೆಂಡರಿಗೆ ಬೀಳುತ್ತದೆ.

ಅಪ್ಪ ಏರಿಯನ್ನೂ ಕಟ್ಟಡವನ್ನೂ ಎರಡು ಮೂರು ಸಲ ನೋಡಿದರು.

"ಅಂದ್ರೆ ಮೇಲಕ್ಕೆ ಎತ್ತೋ ಕೆಲಸ ಇಂಜಿನ್ನಿಂದೇ ಅನ್ನು."

"ಹೌದಪ್ಪ."

"ಮನುಷ್ಯ ಬರೀ ಅಡ್ಡಕ್ಕೆ ತಳ್ಳೋದು, ಕವುಚೋದು."

"ಹೌದು."

"ಬುದ್ಧಿವಂತ್ರು ಕಣಮ್ಮ."

ಅಲ್ಲೇ ನಿಂತಿದ್ದ ಕಿಂಗ್ ವರ್ಗದ ದೊಡ್ಡ ಇಂಜಿನ್ನಿನ ಟೆಂಡರಿಗೆ 6 ಟನ್ ಕಲ್ಲಿದ್ದಲು, 4,000 ಗ್ಯಾಲನ್ ನೀರು. ಅಂದರೆ ಹನ್ನೆರಡು ತೊಟ್ಟಿ. ಅಪ್ಪ ಬೆರಳಲ್ಲಿ ಲೆಕ್ಕ ಹಾಕಿ, "ನಮ್ಮ ಲೆಕ್ಕದಲ್ಲಿ ಮುನ್ನೂರು ಮಂಕರಿ" ಅಂದರು. ಒಂದು ಮಂಕರಿಗೆ ಹತ್ತಿರ ಹತ್ತಿರ 20 ಕೆ.ಜಿ. ಅಂತೆ. "ಜಾಸ್ತಿ ತುಂಬುದ್ರೆ ಹಲಗೆ ಹತ್ತಕ್ಕಾಗಲ್ಲ. ಕಮ್ಮಿ ತುಂಬುದ್ರೆ ಮೇಸ್ತ್ರಿ ಬಯ್ತಾನೆ."

ನನಗೆ ಒಂದು ಅನುಮಾನ ಬಂತು. ಬೇರೆ ರೈಲ್ವೆ ಕಂಪನಿಗಳು 1930ರ ದಶಕದಲ್ಲಿ ಬಟನ್ ಒತ್ತಿದರೆ ಕಲ್ಲಿದ್ದಲು ಸುರಿಯುವ ಕಾಂಕ್ರೀಟ್ ಗೋಪುರಗಳನ್ನು ಕಟ್ಟಿಕೊಂಡಿದ್ದವು ಅಂತ ಓದಿದ್ದೆ. ಇವರು ಮಾತ್ರ 1932ರಲ್ಲಿ ಹೊಸ ಶೆಡ್ ಕಟ್ಟುವಾಗಲೂ ಸಲಿಕೆ, ತೊಟ್ಟಿಯನ್ನೇ ಯಾಕೆ ಇಟ್ಟುಕೊಂಡರು? ಜಿಪುಣತನವಾ? ಅಲ್ಲಿದ್ದ ಒಬ್ಬ ಹಿರಿಯ ಸ್ವಯಂಸೇವಕರನ್ನು ಕೇಳಿದೆ. ಅವರು ಕೈಯಲ್ಲಿ ಏನನ್ನೋ ಪುಡಿ ಮಾಡುವ ಹಾಗೆ ಬೆರಳು ತಿಕ್ಕಿ ತೋರಿಸಿದರು. ಈ ರೈಲ್ವೆ ಉರಿಸುತ್ತಿದ್ದದ್ದು ದಕ್ಷಿಣ ವೇಲ್ಸಿನ ಕಲ್ಲಿದ್ದಲು. ಕಾವು ಜಾಸ್ತಿ, ಹೊಗೆ ಕಮ್ಮಿ. ಆದರೆ ಮೈ ಮೆದು. ಎತ್ತರದಿಂದ ಬಿದ್ದರೆ ಹುಡಿಯಾಗುತ್ತದೆ. ಹುಡಿಯಾದರೆ ಅರ್ಧ ಒಲೆಯ ಸರಳಿನ ಸಂದಿಯಿಂದ ಕೆಳಗೆ, ಇನ್ನರ್ಧ ಉರಿಯುವ ಮೊದಲೇ ಚಿಮಣಿಯಿಂದ ಮೇಲೆ. ಅದಕ್ಕೇ ಆದಷ್ಟು ಕಡಿಮೆ ಎತ್ತರದಿಂದ, ಮೆತ್ತಗೆ ಇಳಿಸುವ ಈ ಏರ್ಪಾಡು.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪ ತಲೆ ಆಡಿಸುತ್ತಿದ್ದರು. ರೈಲ್ವೆ ಇಂಗ್ಲಿಷಿಗೆ ಅವರಿಗೆ ತರ್ಜುಮೆ ಬೇಡ.

"ನಮಗೆ ಸಿಂಗರೇಣಿ ಕಲ್ಲಿದ್ದಲು ಬರೋದು. ಬೂದಿ ಜಾಸ್ತಿ. ಒಲೆ ತುಂಬ ಕ್ಲಿಂಕರ್ ಗಟ್ಟಿಕಟ್ಟೋದು, ದೋಸೆ ಸೀದಂಗೆ. ಕೀಳಕ್ಕೆ ಜೀವ ಹೋಗೋದು" ಅಂದರು. ಆಮೇಲೆ ಏನೋ ನೆನಪಾಗಿ ನಕ್ಕರು. ಶೆಡ್ಡಿನ ಕಲ್ಲಿದ್ದಲ ರಾಶಿಯ ಮೇಲೆ ಸುಣ್ಣದ ನೀರು ಚಿಮುಕಿಸುತ್ತಿದ್ದರಂತೆ. ಯಾರಾದರೂ ರಾತ್ರಿ ಒಂದು ಮಂಕರಿ ಎಗರಿಸಿದರೆ ಬಿಳಿ ರಾಶಿಯಲ್ಲಿ ಕಪ್ಪು ಕಲೆ ಬೆಳಗ್ಗೆ ಎದ್ದು ಕಾಣಬೇಕು ಅಂತ.

"ಹಂಗಾರೆ ಕಳ್ಳತನ ನಿಂತುಹೋಯ್ತಾ?"

"ಎಲ್ಲಿ ನಿಲ್ತದೆ? ಕದಿಯೋರೂ ಸುಣ್ಣ ತರೋರು."

ಎರಡನೇ ದಿನ: ಯಾರ್ಕ್

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಎರಡು ಗಂಟೆ. ದಾರಿಯಲ್ಲಿ ಅಪ್ಪ ನಿದ್ದೆ ಹೋದರು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ನ್ಯಾಷನಲ್ ರೈಲ್ವೆ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ ಅಂದಾಗ ಅಪ್ಪನಿಗೆ ನಂಬಿಕೆ ಬರಲಿಲ್ಲ. ಇಲ್ಲಿನ ದೊಡ್ಡ ಹಜಾರವೇ ಹಿಂದೆ ಯಾರ್ಕ್‌ನ ಲೋಕೋ ಶೆಡ್ ಆಗಿತ್ತು. ನಡುವೆ ಇಂಜಿನ್ ತಿರುಗಿಸುವ ಟರ್ನ್‌ಟೇಬಲ್, ಸುತ್ತ ಇಂಜಿನ್‌ಗಳು. ಆದರೆ ಎಲ್ಲವೂ ಫಳಫಳ. ನೆಲದಲ್ಲಿ ಒಂದು ಹನಿ ಎಣ್ಣೆ ಇಲ್ಲ. ಅಪ್ಪ, "ಮದುವೆ ಛತ್ರ ಇದ್ದಂಗೈತೆ" ಅಂದರು. ನಿಜ ಹೇಳಬೇಕೆಂದರೆ ನನಗೂ ಡಿಡ್‌ಕಾಟ್‌ನ ಮಸಿಯೇ ಹಿಡಿಸಿತ್ತು.

1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿ ಇಂಜಿನ್‌ಗಳ ದಾಖಲೆ ಮಾಡಿದ ಮ್ಯಾಲರ್ಡ್ ಇಲ್ಲಿದೆ. ಎಲ್ಲರೂ ಅದರ ನೀಲಿ ಮೂತಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಸೀದಾ ಹಿಂದಕ್ಕೆ ಹೋಗಿ ಟೆಂಡರಿನ ಹತ್ತಿರ ನಿಂತರು. ಇಡೀ ಹಜಾರದಲ್ಲಿ ಅವರು ನೋಡಿದ್ದು ಟೆಂಡರುಗಳನ್ನೇ.

ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇಂಜಿನ್ ನಾವು ಹೋದಾಗ ಊರಲ್ಲಿರಲಿಲ್ಲ. ಆದರೂ ಅದರ ಕತೆಯೇ ಅವತ್ತು ಜಾಸ್ತಿ ಹೊತ್ತು ನಡೆಯಿತು. 1928ರ ಮೇ 1ರಂದು ಅದು ಲಂಡನ್ನಿನಿಂದ ಎಡಿನ್‌ಬರೋವರೆಗೆ 392 ಮೈಲಿ ಎಲ್ಲೂ ನಿಲ್ಲದೆ ಹೋಯಿತು. ನೀರಿಗೆ ತೊಂದರೆ ಇರಲಿಲ್ಲ. ಹಳಿಗಳ ನಡುವೆ ಅಲ್ಲಲ್ಲಿ ಉದ್ದದ ನೀರಿನ ತೊಟ್ಟಿಗಳಿರುತ್ತಿದ್ದವು. ಓಡುತ್ತಲೇ ಟೆಂಡರಿನಡಿಯ ಮೂತಿಯನ್ನು ಇಳಿಸಿದರೆ ನೀರು ತಾನಾಗಿ ಮೇಲೇರುತ್ತಿತ್ತು. ಕಲ್ಲಿದ್ದಲನ್ನು ಹಾಗೆ ಬಾಚಿಕೊಳ್ಳಲು ಆಗುತ್ತದಾ? ಹೊರಡುವಾಗ ತುಂಬಿಕೊಂಡಿದ್ದೇ ಕೊನೆವರೆಗೆ. ಅದಕ್ಕೇ ಅದಕ್ಕೆ 9 ಟನ್ ಹಿಡಿಸುವ ಟೆಂಡರು ಮಾಡಿದರು. ಅದರ ಒಂದು ಮಗ್ಗುಲಲ್ಲಿ 18 ಅಂಗುಲ ಅಗಲ, 5 ಅಡಿ ಎತ್ತರದ ಓಣಿ. ಅರ್ಧ ದಾರಿಯಲ್ಲಿ ಮೊದಲ ಡ್ರೈವರ್, ಫೈರ್‌ಮನ್ ಆ ಓಣಿಯಲ್ಲಿ ನುಸುಳಿ ಬೋಗಿಗೆ ಹೋಗುತ್ತಾರೆ. ಬೋಗಿಯಲ್ಲಿ ಕೂತಿದ್ದ ಇನ್ನೊಂದು ಜೋಡಿ ಇಂಜಿನ್ನಿಗೆ ಬರುತ್ತದೆ. ರೈಲು ನಿಲ್ಲುವ ಹಾಗೇ ಇಲ್ಲ.

"ಹೊಟ್ಟೆ ಇರೋ ಡ್ರೈವರ್ ಆದ್ರೆ ಏನ್ ಮಾಡೋರು?" ಅಂದರು ಅಪ್ಪ. ಆಮೇಲೆ ಲೆಕ್ಕಕ್ಕೆ ಕೂತರು. 9 ಟನ್ನನ್ನು 392 ಮೈಲಿಗೆ ಹಂಚಿದರೆ ಮೈಲಿಗೆ 23 ಕೆ.ಜಿ. ಆಗುತ್ತದೆ. ಕಲ್ಲಿದ್ದಲು ಪೂರ್ತಿ ಖಾಲಿ ಆಗೋವರೆಗೆ ಯಾರೂ ಓಡಿಸಲ್ಲ. ಹಾಗಾಗಿ 20 ಅಂತಿಟ್ಟುಕೊಳ್ಳಿ.

"ಮೈಲಿಗೊಂದು ಮಂಕರಿ" ಅಂದರು. ಅವರಿಗೇ ಅದು ಹೊಸದಾಗಿ ಹೊಳೆದ ಹಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. "ಅಷ್ಟೇ ಕಣಮ್ಮ. ರೈಲು ಒಂದು ಮೈಲಿ ಹೋಗ್ಬೇಕು ಅಂದ್ರೆ ಒಬ್ಬರು ಒಂದ್ಸಲ ಹಲಗೆ ಹತ್ತಿ ಇಳೀಬೇಕು."

ಕೆಂಪು ಬಣ್ಣದ ಡಚೆಸ್ ಆಫ್ ಹ್ಯಾಮಿಲ್ಟನ್ ಇಂಜಿನ್ ಹತ್ತಿರ ಅಪ್ಪನಿಗೆ ಹೊಟ್ಟೆಕಿಚ್ಚಾಯಿತು. ಅದರದ್ದು 10 ಟನ್ನಿನ ಟೆಂಡರು. ಅದರೊಳಗೆ ಉಗಿಯಿಂದ ನಡೆಯುವ ಒಂದು ತಳ್ಳುಗೋಲಿದೆ. ಮುಂದಿನ ಕಲ್ಲಿದ್ದಲು ಖರ್ಚಾದ ಹಾಗೆ ಹಿಂದಿನದನ್ನು ಅದೇ ಮುಂದಕ್ಕೆ ದೂಡುತ್ತದೆ. ಫೈರ್‌ಮನ್ ಒಂದು ಹಿಡಿ ತಿರುಗಿಸಿದರೆ ಸಾಕು.

"ನಾನು ಎರಡನೇ ಫೈರ್‌ಮನ್ ಆಗಿದ್ದಾಗ ಈ ತಳ್ಳುಗೋಲು ನಾನೇ" ಅಂದರು. ಓಡುವ ಗಾಡಿಯ ಟೆಂಡರೊಳಗೆ ಇಳಿದು, ಬಗ್ಗಿಕೊಂಡು, ಹಿಂದಿನ ಮೂಲೆಯ ಕಲ್ಲಿದ್ದಲನ್ನು ಮುಂದಕ್ಕೆ ಎಳೆಯುವುದು. ದೊಡ್ಡ ಗಟ್ಟಿಗಳನ್ನು ಸುತ್ತಿಗೆಯಲ್ಲಿ ಒಡೆದು ತೆಂಗಿನಕಾಯಿ ಗಾತ್ರಕ್ಕೆ ತರುವುದು. ಹೊಗೆ ಎಲ್ಲ ಮುಖಕ್ಕೆ. ಚಿಕ್ಕವಳಿದ್ದಾಗ ಅಪ್ಪ ಡ್ಯೂಟಿಯಿಂದ ಬಂದರೆ ಕಣ್ಣು ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದದ್ದು ಯಾಕೆ ಅಂತ ನನಗೆ ಯಾರ್ಕ್‌ನಲ್ಲಿ ಸರಿಯಾಗಿ ಗೊತ್ತಾಯಿತು.

ಮೂರನೇ ದಿನ: ಲೀಡ್ಸ್, ಕಾರ್ನ್‌ಫೋರ್ತ್

ಕಾಂಕ್ರೀಟ್ ಗೋಪುರ ನೋಡಬೇಕೆಂದರೆ ಕಾರ್ನ್‌ಫೋರ್ತ್‌ಗೆ ಹೋಗಬೇಕು. ವಾಯವ್ಯ ಮೂಲೆ, ಲ್ಯಾಂಕಾಸ್ಟರ್ ಹತ್ತಿರ. ಲೀಡ್ಸ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ನಾನು ಕಾಫಿಗೆ ಅಂತ ಸಾಲಿನಲ್ಲಿ ನಿಂತು ರೈಲು ತಪ್ಪಿಸಿದೆ. ತಪ್ಪು ಪೂರ್ತಿ ನನ್ನದೇ. ಆ ದಾರಿಯಲ್ಲಿ ದಿನಕ್ಕೆ ಕೆಲವೇ ಗಾಡಿಗಳು. ಮುಂದಿನದಕ್ಕೆ ಎರಡು ಗಂಟೆ ಮೇಲಿತ್ತು.

ಅಪ್ಪ ಬಯ್ಯಲಿಲ್ಲ. ಬೆಂಚಿನ ಮೇಲೆ ಕೂತು ಕಡಲೆಬೀಜದ ಪೊಟ್ಟಣ ಬಿಚ್ಚಿದರು. ಹೊತ್ತು ಹೋಗಲಿ ಅಂತ ನಾನು ಸುಮ್ನೆ ಕೇಳಿದೆ.

"ನೀನು ಖಲಾಸಿ ಆಗಿದ್ದಾಗ ದಿನಕ್ಕೆ ಎಷ್ಟು ಮಂಕರಿ ಹೊರ್ತಿದ್ದೆ ಅಪ್ಪ?"

"ನಾನಾ? ನಾನೆಲ್ಲಿ ಮಂಕರಿ ಹೊತ್ತೆ?"

"ಮತ್ತೆ?"

"ಖಲಾಸಿ ಅಂದ್ರೆ ಇಂಜಿನ್ ಒರೆಸೋದು, ಬೂದಿ ಕೀಳೋದು. ಮಂಕರಿ ಹೊರ್ತಿದ್ದೋರು ಹೆಂಗಸ್ರು. ಕಂಟ್ರಾಕ್ಟರ್ ಕಡೆಯೋರು. ನಿಮ್ಮಜ್ಜಿ ಹೊರ್ತಿದ್ಲು."

ನಾನು ಕಾಫಿ ಲೋಟ ಕೆಳಗಿಟ್ಟೆ.

ನನ್ನ ಮಟ್ಟಿಗೆ ಅಜ್ಜಿ ಅಂದರೆ ಜಗುಲಿಯಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ಮುದುಕಿ. ಅವಳು ರೈಲ್ವೆಯಲ್ಲಿ ದುಡಿದಳು ಅಂತ ನಮ್ಮ ಮನೆಯಲ್ಲಿ ಯಾರೂ ಒಂದು ದಿನ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. "ಅದನ್ನೇನು ಹೇಳೋದು" ಅನ್ನೋ ಹಾಗೆ ಬಿಟ್ಟದ್ದು, ಅಷ್ಟೇ.

1950ರ ದಶಕದ ಮಾತು. ತಾತ ತೀರಿಕೊಂಡ ಮೇಲೆ ಅಜ್ಜಿ ಶೆಡ್ಡಿನ ಕಲ್ಲಿದ್ದಲ ಗುಂಪಿಗೆ ಸೇರಿದಳು. ಎಂಟು ಹತ್ತು ಹೆಂಗಸರ ಗುಂಪು. ಇಂಜಿನ್ ಬಂದು ರಾಶಿಯ ಪಕ್ಕ ನಿಂತರೆ ಎರಡು ಹಲಗೆ ಜೋಡಿಸುತ್ತಿದ್ದರು. ಒಂದು ಹತ್ತಲು, ಒಂದು ಇಳಿಯಲು. ಕೆಳಗೆ ಇಬ್ಬರು ಸಲಿಕೆಯಲ್ಲಿ ತುಂಬುತ್ತಾರೆ. ತಲೆಗೆ ಸಿಂಬಿ ಇಟ್ಟು, ಮಂಕರಿ ಏರಿಸಿಕೊಂಡು, ಸಾಲಾಗಿ ಹತ್ತಬೇಕು. ಟೆಂಡರಿನ ಅಂಚಿನಲ್ಲಿ ಬರೀ ಕತ್ತು ಓರೆ ಮಾಡಿ ಸುರಿಯಬೇಕು, ಮೈ ಬಗ್ಗಿಸಬಾರದು. ಬಗ್ಗಿದರೆ ಮಂಕರಿ ಜೊತೆ ನಾವೂ ಒಳಗೆ. ಅಪ್ಪ ಚಿಕ್ಕ ಹುಡುಗ. ರಾಶಿಯ ಹಿಂದೆ ನೆರಳಲ್ಲಿ ಕೂರಿಸಿ ಹೋಗುತ್ತಿದ್ದಳಂತೆ.

"ದುಡ್ಡು ಮಂಕರಿ ಲೆಕ್ಕ. ಮೇಸ್ತ್ರಿ ಗೋಡೆ ಮೇಲೆ ಸುಣ್ಣದ ಕಡ್ಡೀಲಿ ಗೆರೆ ಎಳೆಯೋನು. ಮಧ್ಯ ಮಧ್ಯ ಎಳೆಯೋದು ಮರೆಯೋನು. ಬೇಕಂತಲೇ ಮರೆಯೋನು. ನಮ್ಮವ್ವ ಓದಿದೋಳಲ್ಲ. ಸೊಂಟದ ಬಲಗಡೆ ಹುಣಸೆ ಬೀಜ ಕಟ್ಕೊಳ್ಳೋಳು. ಒಂದು ಮಂಕರಿ ಸುರಿದ್ರೆ ಒಂದು ಬೀಜ ಎಡಗಡೆಗೆ. ಸಂಜೆ ಮೇಸ್ತ್ರಿ ಮುಂದೆ ಸೆರಗು ಬಿಚ್ಚಿ ಬೀಜ ಸುರಿಯೋಳು. ಎಣ್ಸು ಅನ್ನೋಳು."

"ಎಣಿಸ್ತಿದ್ನಾ?"

"ಎಣಿಸ್ದೆ ಏನ್ ಮಾಡ್ತಾನೆ?"

ಅಜ್ಜಿಯ ನೆತ್ತಿಯ ಮೇಲೆ ರೂಪಾಯಿ ಅಗಲ ಕೂದಲೇ ಇರಲಿಲ್ಲ. ಚಿಕ್ಕವಳಿದ್ದಾಗ ಅವಳ ತಲೆ ಬಾಚುತ್ತಾ ಏನಜ್ಜಿ ಇದು ಅಂತ ಕೇಳಿದ್ದೆ. "ಕಾಗೆ ಕುಕ್ಕಿಬಿಡ್ತು ಕಣೆ" ಅಂದಿದ್ದಳು. ನಾನು ಅದನ್ನು ನಂಬಿದ್ದೆ. ತುಂಬ ವರ್ಷ ಕಾಗೆ ಕಂಡರೆ ತಲೆಯ ಮೇಲೆ ಕೈ ಇಟ್ಟುಕೊಂಡು ಓಡುತ್ತಿದ್ದೆ.

ಮಧ್ಯಾಹ್ನದ ಗಾಡಿ ಹಿಡಿದೆವು. ಸ್ಕಿಪ್ಟನ್ ದಾಟಿದ ಮೇಲೆ ಹಸಿರು ಗುಡ್ಡ, ಕಲ್ಲಿನ ಗೋಡೆ, ಕುರಿ. ಚೆಂದವೇ ಇತ್ತು. ನಾನು ಸರಿಯಾಗಿ ನೋಡಲಿಲ್ಲ.

ಕಾರ್ನ್‌ಫೋರ್ತ್‌ನಲ್ಲಿ ಇಳಿದಾಗ ಸಣ್ಣ ಮಳೆ, ಗಾಳಿ. ಮಂಕಿ ಕ್ಯಾಪು ಹೊರಬಂತು. ಈ ಬಾರಿ ನಾನು ನಗಲಿಲ್ಲ. ಇಲ್ಲಿನ ಶೆಡ್ ಬ್ರಿಟನ್ನಿನ ಮುಖ್ಯ ರೈಲ್ವೆಯಲ್ಲಿ ಉಗಿ ಇಂಜಿನ್ ಕೊನೆವರೆಗೆ ಉಳಿದಿದ್ದ ಮೂರು ಶೆಡ್‌ಗಳಲ್ಲಿ ಒಂದು. 1968ರ ಆಗಸ್ಟ್‌ನಲ್ಲಿ ಮೂರೂ ಮುಚ್ಚಿದವು. ಇದು ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ಈಗ ಹಳೆಯ ಇಂಜಿನ್‌ಗಳಲ್ಲಿ ವಿಶೇಷ ರೈಲು ಓಡಿಸುವ ಕಂಪನಿಯ ನೆಲೆ. ಸಾರ್ವಜನಿಕರಿಗೆ ಪ್ರವೇಶ ಇಲ್ಲ. ಆದರೆ ಗೋಪುರವನ್ನು ಮುಚ್ಚಿಡಲು ಆಗುತ್ತದಾ? ಬ್ಯಾರೋ ಕಡೆಗೆ ಹೋಗುವ ರೈಲು ಈ ಶೆಡ್ಡಿನ ಬೇಲಿ ಪಕ್ಕದಲ್ಲೇ ಸಾಗುತ್ತದೆ. ಅದರಲ್ಲಿ ಮುಂದಿನ ಸ್ಟೇಷನ್ ಸಿಲ್ವರ್‌ಡೇಲ್‌ವರೆಗೆ ಹೋಗಿ ವಾಪಸ್ ಬಂದರೆ ಎರಡು ಸಲ ನೋಡಬಹುದು. ನಾವು ಅದನ್ನೇ ಮಾಡಿದೆವು.

ಕಾಂಕ್ರೀಟಿನ ಬೂದುಬಣ್ಣದ ಗೋಪುರ. ಕಿಟಕಿ ಇಲ್ಲ, ಅಲಂಕಾರ ಇಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎಲ್‌ಎಂಎಸ್ ಅನ್ನೋ ಆಗಿನ ರೈಲ್ವೆ ಕಂಪನಿ ಕಟ್ಟಿಸಿದ್ದು. ಇಂಥ ಗೋಪುರಗಳು ಆಗ ದೇಶದ ತುಂಬ ಇದ್ದವು. ಈಗ ಇದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದ್ದಾರೆ. ಇಲ್ಲಿ ವ್ಯಾಗನ್ನಿನಿಂದ ಯಾರೂ ಸಲಿಕೆಯಲ್ಲಿ ತೋಡುವುದೇ ಇಲ್ಲ. ಕಲ್ಲಿದ್ದಲ ಸಮೇತ ಇಡೀ ವ್ಯಾಗನ್ನನ್ನೇ ಲಿಫ್ಟಿನ ಹಾಗೆ ಗೋಪುರದ ತುದಿಗೆ ಎತ್ತಿ, ಅಲ್ಲಿ ಮಗುಚಿ ಹಾಕುತ್ತಾರೆ. ಕಲ್ಲಿದ್ದಲು ಗೋಪುರದ ಹೊಟ್ಟೆಗೆ ಬೀಳುತ್ತದೆ. ಖಾಲಿ ವ್ಯಾಗನ್ ಕೆಳಗೆ ಬರುತ್ತದೆ. ಅನೇಕ ಗೋಪುರಗಳ ಹೊಟ್ಟೆಯಲ್ಲಿ ಎರಡು ಭಾಗ. ಒಂದರಲ್ಲಿ ಎಕ್ಸ್‌ಪ್ರೆಸ್ ಗಾಡಿಗಳಿಗೆ ಒಳ್ಳೆಯ ಕಲ್ಲಿದ್ದಲು, ಇನ್ನೊಂದರಲ್ಲಿ ಗೂಡ್ಸ್ ಗಾಡಿಗಳಿಗೆ ಎರಡನೇ ದರ್ಜೆಯದ್ದು. ಇಂಜಿನ್ ಕೆಳಗೆ ಬಂದು ನಿಂತರೆ ಒಬ್ಬ ಮನುಷ್ಯ ಬಟನ್ ಒತ್ತುತ್ತಾನೆ. ಕೆಲವೇ ನಿಮಿಷ. ಟೆಂಡರು ತುಂಬಿತು.

ಹೋಗುವಾಗ ಅಪ್ಪ ಮಾತಾಡಲಿಲ್ಲ. ವಾಪಸ್ ಬರುವಾಗ ಕಿಟಕಿಗೆ ಹಣೆ ಒತ್ತಿ ಅದು ಮರೆಯಾಗುವವರೆಗೆ ನೋಡಿದರು.

"ಅಷ್ಟು ಎತ್ತರದಿಂದ ಬಿದ್ರೆ ಪುಡಿ ಆಗಲ್ವಾ?"

ಆಗುತ್ತಿತ್ತು. ಗಟ್ಟಿ ಕಲ್ಲಿದ್ದಲೂ ಸ್ವಲ್ಪ ಒಡೆಯುತ್ತಿತ್ತು, ದೂಳೇಳುತ್ತಿತ್ತು. ಟೆಂಡರು ಮೀರಿ ಹಳಿಯ ಮೇಲೆಲ್ಲ ಚೆಲ್ಲುತ್ತಿತ್ತು. ಆ ಚೆಲ್ಲಿದ್ದನ್ನು ಬಳಿಯಲು ಮತ್ತೆ ಸಲಿಕೆ ಹಿಡಿದ ಮನುಷ್ಯನೇ ಬರಬೇಕಿತ್ತು. ಅದನ್ನು ಹೇಳಿದಾಗ ಅಪ್ಪನಿಗೆ ಏನೋ ಸಮಾಧಾನ ಆದ ಹಾಗೆ ಕಂಡಿತು.

"ನಮ್ಮವ್ವ ಒಂದು ಉಂಡೆ ಚೆಲ್ಲಿದ್ರೆ ಮೇಸ್ತ್ರಿ ಒಂದು ಗೆರೆ ಅಳಿಸೋನು" ಅಂದರು.

ನಾಲ್ಕನೇ ದಿನ: ಹಾವರ್ತ್

ಹಿಂದಿನ ರಾತ್ರಿ ಕೀತ್ಲಿಯಲ್ಲಿ ಉಳಿದಿದ್ದೆವು. ರೂಮಿನ ಕೆಟಲ್‌ನಲ್ಲಿ ಅಪ್ಪ ಟೀ ಮಾಡಿದರು. ಚಪಾತಿ ಮುಗಿದಿತ್ತು. ಬ್ರೆಡ್ಡಿಗೆ ಚಟ್ನಿಪುಡಿ ಸವರಿಕೊಂಡು ತಿಂದೆವು.

ಕೀತ್ಲಿಯಿಂದ ಆಕ್ಸನ್‌ಹೋಪ್‌ವರೆಗೆ ಐದು ಮೈಲಿಯ ಚಿಕ್ಕ ರೈಲುದಾರಿ. 1867ರಲ್ಲಿ ಶುರುವಾಗಿದ್ದು. ಸರ್ಕಾರ ಮುಚ್ಚಿದ ಮೇಲೆ ಊರಿನವರೇ ಸೇರಿ 1968ರಲ್ಲಿ ಮತ್ತೆ ತೆರೆದರು. ಅಂದರೆ ಅತ್ತ ಕಾರ್ನ್‌ಫೋರ್ತ್‌ನಲ್ಲಿ ಒಲೆ ಆರಿದ ವರ್ಷವೇ ಇತ್ತ ಇವರು ಒಲೆ ಹಚ್ಚಿದರು. ಇವತ್ತಿಗೂ ಉಗಿ ಇಂಜಿನ್ ಓಡುತ್ತವೆ. ಇಂಜಿನ್‌ಗಳ ಮನೆ ಇರುವುದು ನಡುವಿನ ಹಾವರ್ತ್ ಸ್ಟೇಷನ್ನಿನಲ್ಲಿ. ಇಲ್ಲಿಗೆ ಬರುವವರು ಹೆಚ್ಚಾಗಿ ಗುಡ್ಡದ ಮೇಲಿನ ಹಳೇ ಬೀದಿ ನೋಡಲು ಹತ್ತುತ್ತಾರೆ. ನಾವು ಕೆಳಗೇ ಉಳಿದೆವು.

ಯಾರ್ಡಿನಲ್ಲಿ ಕಲ್ಲಿದ್ದಲ ರಾಶಿ. ಏರಿ ಇಲ್ಲ, ಗೋಪುರ ಇಲ್ಲ, ಹಲಗೆ ಇಲ್ಲ. ನಮ್ಮೂರಲ್ಲಿ ಚರಂಡಿ ತೋಡಲು, ಮನೆ ಕೆಡವಲು ಬರುವ ಜೆಸಿಬಿ ಥರದ ಹಳದಿ ಗಾಡಿ. ಅಪ್ಪ ಅದನ್ನು ನೋಡಿ ಜೋರಾಗಿ ನಕ್ಕರು. "ಇಷ್ಟು ದೂರ ಬಂದು ಕೊನೆಗೆ ಜೆಸಿಬೀನಾ!"

ಬೇಲಿಯಾಚೆ ಒಬ್ಬ ಸ್ವ​ಯಂಸೇವಕ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಅರವತ್ತು ದಾಟಿರಬೇಕು. ಮಾತಿಗೆ ಸಿಕ್ಕಿದ. ಈಗಿನ ತಾಪತ್ರಯ ತುಂಬುವುದಲ್ಲ, ಕಲ್ಲಿದ್ದಲು ಸಿಗುವುದೇ ಅಂದ. ಈ ದೇಶದ ಕೊನೆಯ ಆಳದ ಗಣಿ ಕೆಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ವೇಲ್ಸಿನ ಮರ್ಥರ್ ಟಿಡ್ವಿಲ್ ಹತ್ತಿರದ ಫೋಸ್-ಅ-ವ್ರಾನ್ ಅನ್ನೋ ತೆರೆದ ಗಣಿಯಿಂದ ಇಂಥ ರೈಲುಗಳಿಗೆ ಕಲ್ಲಿದ್ದಲು ಬರುತ್ತಿತ್ತು. 2023ರ ನವೆಂಬರಿನಲ್ಲಿ ಅದೂ ನಿಂತಿತು. ಈಗ ಹಡಗಿನಲ್ಲಿ ಹೊರದೇಶದಿಂದ ಬರಬೇಕು. ಕಲ್ಲಿದ್ದಲ ಪುಡಿಯನ್ನು ಬೇರೆ ವಸ್ತುಗಳ ಜೊತೆ ಒತ್ತಿ ಮೊಟ್ಟೆಯಾಕಾರಕ್ಕೆ ಮಾಡಿದ ಉಂಡೆಗಳನ್ನೂ ಕೆಲವು ಕಡೆ ಉರಿಸಿ ನೋಡುತ್ತಿದ್ದಾರೆ.

ಮರ್ಥರ್ ಟಿಡ್ವಿಲ್ ಹೆಸರು ಕೇಳಿ ನನಗೆ ರೋಮಾಂಚನವಾಯಿತು. 1804ರ ಫೆಬ್ರವರಿ 21ರಂದು ರಿಚರ್ಡ್ ಟ್ರೆವಿಥಿಕ್‌ನ ಉಗಿ ಇಂಜಿನ್ ಹಳಿಯ ಮೇಲೆ ಕಬ್ಬಿಣ ಹೇರಿಕೊಂಡು ಹೊರಟದ್ದು ಅದೇ ಊರಿನಿಂದ. ಆ ಊರಿನ ಕಲ್ಲಿದ್ದಲೇ ಈಗ ಇಲ್ಲ. ಅಪ್ಪನಿಗೆ ಹೇಳಿದೆ. ಅವರು "ಹೂಂ" ಅಂದರು. ಅವರ ಗಮನವೆಲ್ಲ ರಾಶಿಯ ಕಡೆ ಇತ್ತು.

ಆತ ಒಂದು ಗಟ್ಟಿ ತಂದು ಬೇಲಿಯ ಮೇಲಿನಿಂದ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಉಗುರಿನಿಂದ ಕೆರೆದರು. ಮೂಸಿದರು.

"ನೀವು ಡ್ರೈವರ್ ಆಗಿದ್ರಾ?" ಅಂತ ಆತ ಇಂಗ್ಲಿಷಿನಲ್ಲಿ ಕೇಳಿದ.

ಹೌದು ಅಂತಾರೆ, ನಂಬರ್ ಸಮೇತ ಇಂಜಿನ್‌ಗಳ ಹೆಸರು ಹೇಳುತ್ತಾರೆ ಅಂದುಕೊಂಡೆ. ಅಪ್ಪ ಒಂದು ಕ್ಷಣ ತಡೆದರು.

"ಮೈ ಮದರ್," ಅಂದರು. ತಲೆಯ ಮೇಲೆ ಎರಡೂ ಕೈ ಎತ್ತಿ ಮಂಕರಿ ಹಿಡಿದ ಹಾಗೆ ತೋರಿಸಿದರು. ಕತ್ತು ಮಾತ್ರ ಓರೆ ಮಾಡಿದರು. "ಮೈ ಮದರ್. ಕೋಲ್."

ಆತನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ನಾನು ವಿವರಿಸೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಇಂಜಿನ್ ಬಂತು. ಆತ ಅಪ್ಪನ ಕಡೆಗೆ ಟೋಪಿ ಎತ್ತಿ ಕೆಲಸಕ್ಕೆ ಹೋದ.

ಹಳದಿ ಗಾಡಿ ಗುರ್ ಅಂತ ರಾಶಿಗೆ ನುಗ್ಗಿತು. ಬಕೆಟ್ ತುಂಬಿ ಮೇಲೆದ್ದಿತು. ಟೆಂಡರಿನ ಮೇಲೆ ನಿಧಾನ ಓರೆಯಾಯಿತು. ಕಲ್ಲಿದ್ದಲು ದಡಬಡ ಬಿತ್ತು, ಕಪ್ಪು ದೂಳು ಎದ್ದಿತು. ಮತ್ತೆ ಹಿಂದೆ ಹೋಯಿತು, ಮತ್ತೆ ಬಂತು. ಅಪ್ಪ ಬೇಲಿ ಹಿಡಿದು ನಿಂತೇ ಇದ್ದರು. ಬಕೆಟ್ ಪ್ರತಿ ಸಲ ಮಗುಚಿದಾಗಲೂ ಅವರ ಬಲಗೈ ಕೋಟಿನ ಬಲ ಜೇಬಿಗೆ ಹೋಗಿ, ಅಲ್ಲಿಂದ ಎಡ ಜೇಬಿಗೆ ಬರುತ್ತಿತ್ತು. ಚಳಿಗೆ ಇರಬೇಕು ಅಂದುಕೊಂಡೆ.

ಇಂಜಿನ್ ಸಿಳ್ಳೆ ಹಾಕಿ ನೀರಿನ ಕಂಬದ ಕಡೆ ಹೊರಟಿತು. ಅಪ್ಪ ಎಡ ಜೇಬಿನಿಂದ ಕೈ ಹೊರತೆಗೆದು ಬಿಚ್ಚಿದರು. ಮಸಿ ಹಿಡಿದ ಅಂಗೈಯಲ್ಲಿ ಐದು ಕಡಲೆಬೀಜ.

"ಐದೇ" ಅಂದರು. ಎರಡು ನನಗೆ ಕೊಟ್ಟು, ಮೂರು ಬಾಯಿಗೆ ಹಾಕಿಕೊಂಡರು.